ಪೊಟ್ಟಣದ ಮೇಲಿನ ಚಿತ್ರವೂ ಪೊಟ್ಟಣದೊಳಗಿನ ಪದಾರ್ಥವೂ

ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ ಹರಡಿಕೊಂಡಿರುವ ಅಂಜನಾಪುರವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಬಡಾವಣೆಯಾಗಿ ರೂಪುಗೊಂಡ ಮೇಲೂ ಬಹುಕಾಲ ಖಾಲಿ ನಿವೇಶನಗಳ ಪ್ರದೇಶವೆಂದೇ ಹೆಸರಾಗಿತ್ತು. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ವಿಸ್ತರಣೆಗೊಂಡಿತು. ಯೋಜನೆಯ ಕಾಲದಲ್ಲಿ ಅಂಜನಾಪುರದ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದುದು ಈ ಕೊನೆಯ ನಿಲ್ದಾಣವೇ. ಗಂಡ ಹೆಂಡತಿ ಇಬ್ಬರೂ ದುಡಿಯುವ ಕುಟುಂಬಗಳು ನೆಲೆಸಿರುವ ಇಂಥ ಬಡಾವಣೆಗಳ ದಿನಸಿ ಅಂಗಡಿಗಳಲ್ಲಿ ಅಕ್ಕಿ ಬೇಳೆಯ ಮೂಟೆಗಳಿಗಿಂತ ಬಿಸಿಬೇಳೆ ಬಾತ್, ಪುಳಿಯೋಗರೆ, ರವೆ ಇಡ್ಲಿ, ಗುಲಾಬ್ ಜಾಮೂನು ಮೊದಲಾದ ಸಿದ್ಧ ಮಿಶ್ರಣಗಳ ಪೊಟ್ಟಣಗಳೇ ಹೆಚ್ಚು ಜಾಗವನ್ನು ಆಕ್ರಮಿಸಿರುತ್ತವೆ. ಪೊಟ್ಟಣದ ಮೇಲೆ ತಯಾರಕನ ಹೆಸರು ಬೆರಳಗಲ, ಚಿತ್ರ ಅಂಗೈಯಗಲ.

ಈ ಚಿತ್ರವನ್ನು ಸಣ್ಣ ತಯಾರಕರಲ್ಲಿ ಬಹುಮಂದಿ ಅಲಂಕಾರವೆಂದು ಭಾವಿಸಿ, ಅದರ ಆಯ್ಕೆಯನ್ನು ಮುದ್ರಣಾಲಯದ ವಿನ್ಯಾಸಕಾರನಿಗೆ ಒಪ್ಪಿಸಿಬಿಡುತ್ತಾರೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ತಯಾರಕನೇ ಆಡಿದ ಮಾತು. ಆಹಾರವನ್ನು ಚಿತ್ರದಲ್ಲಿ ಸುಂದರವಾಗಿ ತೋರಿಸುವುದು ತಪ್ಪಲ್ಲ. ಪೊಟ್ಟಣದೊಳಗೆ ಇಲ್ಲದ್ದನ್ನು ಇದೆಯೆಂದು ತೋರಿಸುವುದು ತಪ್ಪು. ಈ ಎರಡರ ನಡುವಿನ ಗೆರೆ ಎಲ್ಲಿದೆ, ಅದನ್ನು ದಾಟಿದರೆ ಲೆಕ್ಕಪುಸ್ತಕದಲ್ಲಿ ಏನಾಗುತ್ತದೆ ಎಂಬುದೇ ಇಲ್ಲಿನ ವಿಚಾರ.

ಅಡುಗೆಮನೆಯಿಂದ ಚಿತ್ರಕ್ಕೆ

ಇದೇ ದಕ್ಷಿಣ ಬೆಂಗಳೂರಿನ ಒಂದು ಸಂಸ್ಥೆಯ ಚರಿತ್ರೆ ಈ ಬದಲಾವಣೆಯನ್ನು ಚೆನ್ನಾಗಿ ತಿಳಿಸುತ್ತದೆ. ಲಾಲ್‌ಬಾಗ್ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ಮಯ್ಯ ಸಹೋದರರು ಬ್ರಾಹ್ಮಣ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ ಆರಂಭಿಸಿದ ಉಪಾಹಾರ ಗೃಹದಿಂದ ಬೆಳೆದು ಬಂದದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ ಬಂದ ತರುವಾಯ ಪಾತ್ರೆಗಳ ಶುದ್ಧೀಕರಣವೇ ಮೊದಲಾದ ಕ್ರಮಗಳನ್ನು ಜಾರಿಗೆ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಕೊಂಡು ಊಟಕ್ಕೆ ಹೋಗುವ ಪದ್ಧತಿ ಅಲ್ಲಿ ಪ್ರಸಿದ್ಧವಾಗಿತ್ತು. ಅಡುಗೆಮನೆಯೇ ಜಾಹೀರಾತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲುಗಳ ತಿಂಡಿಗಳಿಗೆ ಸರ್ಕಾರವು ದರ ಮಿತಿ ವಿಧಿಸಿ, ಹೋಟೆಲು ನಡೆಸುವುದೇ ದುಸ್ತರವಾದಾಗ, ಸಂಸ್ಥೆಯು ಸಿದ್ಧ ಮಿಶ್ರಣಗಳ ತಯಾರಿಕೆಗೆ ತಿರುಗಿತು. ಆ ಪೊಟ್ಟಣದ ವ್ಯವಹಾರವೇ ಎಷ್ಟು ದೊಡ್ಡದಾಯಿತೆಂದರೆ, 2007ರಲ್ಲಿ ನಾರ್ವೆಯ ಓರ್ಕ್ಲಾ ಸಮೂಹವು ಎಂ.ಟಿ.ಆರ್. ಫುಡ್ಸ್ ಕಂಪನಿಯನ್ನು ಖರೀದಿಸಿತು; ಉಪಾಹಾರ ಗೃಹಗಳು ಮಾತ್ರ ಮಯ್ಯ ಕುಟುಂಬದಲ್ಲೇ ಉಳಿದವು.

ಹೋಟೆಲಿನಲ್ಲಿ ದೋಸೆಯ ಬಣ್ಣವನ್ನೂ ಸಾಂಬಾರಿನ ಹಬೆಯನ್ನೂ ಕಂಡು ಆಸೆಪಟ್ಟ ಗಿರಾಕಿಗೆ, ಪೊಟ್ಟಣದಲ್ಲಿ ಕಾಣಸಿಗುವುದು ಚಿತ್ರವೊಂದೇ. ಒಳಗಿರುವುದು ಕಂದು ಪುಡಿ. ಅಡುಗೆಮನೆಯ ಸ್ಥಾನದಲ್ಲಿ ಚಿತ್ರವು ಬಂದು ನಿಂತಿದೆಯಾದ್ದರಿಂದ ಅಡುಗೆಮನೆಗೆ ಇದ್ದ ಹೊಣೆ ಚಿತ್ರಕ್ಕೂ ಬಂದಿದೆ.

ಚಿತ್ರ ತಯಾರಾಗುವ ಬಗೆ

ಬೇಯಿಸಿದ ಆಹಾರವು ಕ್ಯಾಮೆರಾದ ಮುಂದೆ ಬಹಳ ಹೊತ್ತು ತಾಳುವುದಿಲ್ಲ. ಬಿಸಿಬೇಳೆ ಬಾತ್ ಆರುತ್ತಿದ್ದಂತೆ ಅಕ್ಕಿಯೂ ಬೇಳೆಯೂ ನೀರನ್ನು ಹೀರಿಕೊಂಡು ಮುದ್ದೆಗಟ್ಟುತ್ತದೆ. ತುಪ್ಪದ ಹೊಳಪು ಮಂಕಾಗುತ್ತದೆ. ಫಿಲ್ಟರ್ ಕಾಫಿಯ ನೊರೆ ಒಂದೆರಡು ನಿಮಿಷಗಳಲ್ಲಿ ಇಳಿಯುತ್ತದೆ. ಗರಿಗರಿಯಾದ ದೋಸೆ ತನ್ನದೇ ಹಬೆಯಿಂದ ಮೆತ್ತಗಾಗುತ್ತದೆ. ಇಡ್ಲಿಯ ಮೇಲ್ಮೈ ಒಣಗುತ್ತದೆ, ಕೋಸಂಬರಿ ಉಪ್ಪಿನಿಂದಾಗಿ ನೀರು ಬಿಡುತ್ತದೆ. ಛಾಯಾಗ್ರಾಹಕನೋ ದೀಪಗಳನ್ನು ಹೊಂದಿಸಲು ಗಂಟೆಗಟ್ಟಲೆ ಸಮಯ ಬೇಡುತ್ತಾನೆ. ಈ ತೊಡಕಿನಿಂದ ಹುಟ್ಟಿದ್ದೇ ಆಹಾರ ಅಲಂಕರಣವೆಂಬ ವೃತ್ತಿ.

ಆ ವೃತ್ತಿಯ ಉಪಾಯಗಳಲ್ಲಿ ಹಲವು ಜಗಜ್ಜಾಹೀರಾಗಿವೆ. ಕರಗುವ ಐಸ್‌ಕ್ರೀಮಿಗೆ ಬದಲಾಗಿ ಬೇಯಿಸಿ ಹಿಸುಕಿದ ಆಲೂಗಡ್ಡೆ. ಧಾನ್ಯದ ಅವಲಕ್ಕಿ ನೆನೆದುಹೋಗದಂತೆ ಹಾಲಿಗೆ ಬದಲಾಗಿ ಬಿಳಿ ಅಂಟು. ಕಾಫಿಯ ನೊರೆಗೆ ಸಾಬೂನಿನ ಗುಳ್ಳೆ. ತಂಪು ಪಾನೀಯದ ಬಾಟಲಿಯ ಮೇಲೆ ಜಾರದೆ ನಿಲ್ಲುವ ಹನಿಗಳಿಗೆ ನೀರಿನೊಡನೆ ಬೆರೆಸಿದ ಗ್ಲಿಸರಿನ್. ಕರಗದ ಅಕ್ರಿಲಿಕ್ ಮಂಜುಗಡ್ಡೆ. ಜೇನಿನಂಥ ಪಾಕಕ್ಕೆ ಎಂಜಿನ್ ಎಣ್ಣೆ. ತರಕಾರಿಗಳನ್ನು ಅರೆಬೆಂದಿರುವಾಗಲೇ ತೆಗೆದು ಎಣ್ಣೆ ಸವರಿದರೆ ಹಸಿರು ಬಣ್ಣ ಉಳಿಯುತ್ತದೆ. ಹಿಂದಿನಿಂದ ಬೆಳಕು ಬಿಟ್ಟರೆ ಹಬೆ ಎದ್ದು ಕಾಣುತ್ತದೆ.

ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬೆಳಕು, ಕೋನ, ತಟ್ಟೆಯ ಆಯ್ಕೆ, ಎಣ್ಣೆಯ ಲೇಪ ಇವು ಇರುವ ಪದಾರ್ಥವನ್ನು ಚೆನ್ನಾಗಿ ಕಾಣಿಸುತ್ತವೆ. ಮದುವೆಯ ಹೆಣ್ಣಿಗೆ ರೇಷ್ಮೆ ಸೀರೆ ಉಡಿಸಿದಂತೆ ಇದು, ಯಾರೂ ಆಕ್ಷೇಪಿಸರು. 2012ರಲ್ಲಿ ಮೆಕ್‌ಡೊನಾಲ್ಡ್ಸ್ ಸಂಸ್ಥೆಯ ಕೆನಡಾ ಶಾಖೆಯು ಜಾಹೀರಾತಿನ ಬರ್ಗರ್ ಅಂಗಡಿಯ ಬರ್ಗರಿಗಿಂತ ಏಕೆ ಭಿನ್ನವಾಗಿ ಕಾಣುತ್ತದೆಂಬ ಗ್ರಾಹಕರೊಬ್ಬರ ಪ್ರಶ್ನೆಗೆ ಚಿತ್ರೀಕರಣದ ಒಳನೋಟವನ್ನೇ ವಿಡಿಯೊ ಮಾಡಿ ಉತ್ತರಿಸಿತು. ಅಂಗಡಿಯಲ್ಲಿ ಬಳಸುವ ಪದಾರ್ಥಗಳನ್ನೇ ಬಳಸಿ, ಈರುಳ್ಳಿ ಉಪ್ಪಿನಕಾಯಿಗಳನ್ನು ಮಾತ್ರ ಕಣ್ಣಿಗೆ ಕಾಣುವ ಅಂಚಿಗೆ ಸರಿಸಿ, ಗಂಟೆಗಳ ಕಾಲ ಜೋಡಿಸಲಾಗಿತ್ತು. ವ್ಯತ್ಯಾಸವನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಲಾಭಕರವೆಂದು ಅವರು ಎಣಿಸಿರಬೇಕು.

ಗೆರೆಯ ಆಚೆಗೆ ಬಿದ್ದ ಪ್ರಸಿದ್ಧ ನಿದರ್ಶನ ಅಮೆರಿಕದ ಕ್ಯಾಂಪ್‌ಬೆಲ್ ಸೂಪಿನದು. ತರಕಾರಿ ಸೂಪಿನ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿಗಳನ್ನು ಹಾಕಿ, ತಳಕ್ಕಿಳಿಯಬೇಕಾದ ತರಕಾರಿ ಚೂರುಗಳೆಲ್ಲ ಮೇಲೆಯೇ ತುಂಬಿ ತುಳುಕುವಂತೆ ಚಿತ್ರಿಸಲಾಗಿತ್ತು. ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಆಕ್ಷೇಪಿಸಿ, 1970ರಲ್ಲಿ ಒಪ್ಪಂದದ ಆದೇಶದ ಮೂಲಕ ನಿಲ್ಲಿಸಿತು. ಗೋಲಿಯೇನೂ ಸೂಪಿನ ಗುಣವನ್ನು ಕೆಡಿಸುವುದಿಲ್ಲ. ಚೂರುಗಳೂ ಅದೇ ಡಬ್ಬಿಯವೇ. ಆದರೆ ನೋಡುವವನು ‘ಇಷ್ಟು ತರಕಾರಿ ಇದೆ’ ಎಂದು ಲೆಕ್ಕ ಹಾಕುತ್ತಾನೆ, ಆ ಲೆಕ್ಕ ಸುಳ್ಳಾಗುತ್ತದೆ. ಸಾಂಬಾರು, ಕೂಟು, ಹುಳಿಗಳ ಚಿತ್ರ ತೆಗೆಸುವ ನಮ್ಮ ತಯಾರಕರಿಗೆ ಇದು ನೇರವಾಗಿ ಅನ್ವಯಿಸುವಂಥದು. ಹೋಳು ಕಾಣಬೇಕಾದರೆ ಆಳವಿಲ್ಲದ ತಟ್ಟೆಯಲ್ಲಿ ಬಡಿಸಿದರೆ ಸಾಕು, ಗೋಲಿ ಬೇಡ.

ಅದಕ್ಕೂ ಮೊದಲು, 1965ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಕೋಲ್ಗೇಟ್ ಪಾಮೊಲಿವ್ ಮೊಕದ್ದಮೆಯಲ್ಲಿ ಗೆರೆಯನ್ನು ಇನ್ನಷ್ಟು ಸ್ಪಷ್ಟಪಡಿಸಿತ್ತು. ತನ್ನ ಕ್ಷೌರದ ನೊರೆ ಉಪ್ಪುಕಾಗದವನ್ನೂ ನುಣುಪಾಗಿ ಹೆರೆಯಬಲ್ಲದೆಂದು ಟೆಲಿವಿಷನ್ನಿನಲ್ಲಿ ತೋರಿಸಿದ ಕಂಪನಿ, ವಾಸ್ತವದಲ್ಲಿ ಮರಳು ಉದುರಿಸಿದ ಅಕ್ರಿಲಿಕ್ ಹಾಳೆಯನ್ನು ಬಳಸಿತ್ತು. ಹಾಗಾದರೆ ಐಸ್‌ಕ್ರೀಮಿಗೆ ಬದಲು ಆಲೂಗಡ್ಡೆ ಬಳಸುವುದೂ ಅಪರಾಧವಾದೀತೆ ಎಂಬ ವಾದಕ್ಕೆ ನ್ಯಾಯಾಲಯವು ಕೊಟ್ಟ ಉತ್ತರದ ಸಾರವಿದು: ಆಲೂಗಡ್ಡೆ ಕೇವಲ ವೇಷವಾಗಿದ್ದರೆ ತಕರಾರಿಲ್ಲ, ಆದರೆ ಈ ಐಸ್‌ಕ್ರೀಮಿನ ಮೃದುತ್ವವನ್ನೂ ಬಣ್ಣವನ್ನೂ ಕಣ್ಣಾರೆ ನೋಡಿ ನಂಬಿ ಎಂದು ಅದನ್ನೇ ಸಾಕ್ಷ್ಯವಾಗಿ ಒಡ್ಡಿದರೆ ಅದು ವಂಚನೆ. ಅರವತ್ತು ವರ್ಷಗಳಾದರೂ ಇದಕ್ಕಿಂತ ಒಳ್ಳೆಯ ಅಳತೆಗೋಲು ದೊರೆತಿಲ್ಲವೆಂದೇ ಹೇಳಬೇಕು.

ಚಿತ್ರವು ಅಡುಗೆಮನೆಗೆ ಹಿಂದಿರುಗುವ ಅಪಾಯವೂ ಉಂಟು. ಕೆಂಪಗೆ ಮಿನುಗುವ ಗೋಬಿ ಮಂಚೂರಿಯ ಚಿತ್ರಗಳನ್ನು ಫಲಕಗಳಲ್ಲೂ ಮೊಬೈಲಿನಲ್ಲೂ ನೋಡಿ ಅಭ್ಯಾಸವಾದ ಗಿರಾಕಿಗೆ ಸಹಜ ಬಣ್ಣದ ಗೋಬಿ ಪೇಲವವಾಗಿ ಕಂಡೀತು. ಆಗ ವ್ಯಾಪಾರಿಯ ಕೈ ಬಣ್ಣದ ಡಬ್ಬಿಗೆ ಹೋಗುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆ ಸಂಗ್ರಹಿಸಿದ 171 ಗೋಬಿ ಮಂಚೂರಿ ಮಾದರಿಗಳ ಪೈಕಿ 107ರಲ್ಲಿ ಕೃತಕ ಬಣ್ಣ ಪತ್ತೆಯಾಗಿ, 2024ರ ಮಾರ್ಚ್ 11ರಂದು ಗೋಬಿಯಲ್ಲಿ ಕೃತಕ ಬಣ್ಣಗಳನ್ನೂ ಬೊಂಬಾಯಿ ಮಿಠಾಯಿಯಲ್ಲಿ ರೊಡಮಿನ್-ಬಿ ಬಣ್ಣವನ್ನೂ ನಿಷೇಧಿಸಲಾಯಿತು. ಅದೇ ವರ್ಷದ ಜೂನ್‌ನಲ್ಲಿ ಕಬಾಬಿಗೂ ನಿಷೇಧ ವಿಸ್ತರಣೆಯಾಯಿತು. ಚಿತ್ರದ ಬಣ್ಣಕ್ಕೆ ಆಹಾರವನ್ನು ಹೊಂದಿಸಹೊರಟರೆ ಚಿತ್ರದ ತಪ್ಪು ಹೊಟ್ಟೆಯ ತಪ್ಪಾಗುತ್ತದೆ.

ಕಾನೂನು ಏನನ್ನುತ್ತದೆ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006 ಇದು 2011ರ ಆಗಸ್ಟ್ 5ರಿಂದ ಹಳೆಯ ಕಲಬೆರಕೆ ತಡೆ ಕಾಯಿದೆಯ ಜಾಗಕ್ಕೆ ಬಂದಿತು. ಇದರಲ್ಲಿ ‘ಜಾಹೀರಾತು’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವ್ಯಾಪ್ತಿಯನ್ನು ಓದಿದ ವ್ಯಾಪಾರಿಗಳು ವಿರಳ. ಬೆಳಕು, ಧ್ವನಿ, ಹೊಗೆ, ಅನಿಲ, ಮುದ್ರಣ, ವಿದ್ಯುನ್ಮಾನ ಮಾಧ್ಯಮ, ಅಂತರ್ಜಾಲಗಳ ಮೂಲಕ ಮಾಡಿದ ಪ್ರಚಾರವಷ್ಟೇ ಅಲ್ಲದೆ, ಸುತ್ತೋಲೆ, ಲೇಬಲ್ಲು, ಹೊದಿಕೆ, ಕಡೆಗೆ ಇನ್‌ವಾಯ್ಸ್ ಕೂಡ ಜಾಹೀರಾತೇ. ಟೆಲಿವಿಷನ್ನಿಗೆ ಒಂದು ರೂಪಾಯಿಯನ್ನೂ ತೆರದ ತಯಾರಕನೂ ಜಾಹೀರಾತುದಾರನೇ ಆಗುತ್ತಾನೆ. ಬಿಲ್ಲಿನ ಮೇಲ್ಭಾಗದಲ್ಲಿ ಗೋಡಂಬಿ ತುಂಬಿದ ಬಾತಿನ ಚಿತ್ರ ಅಚ್ಚು ಹಾಕಿಸುವವರು ಇದನ್ನು ನೆನಪಿಡುವುದೊಳ್ಳೆಯದು.

ಅದೇ ಅಧಿನಿಯಮದ ಪ್ರಕಾರ, ಪೊಟ್ಟಣದ ಮೇಲಿನ ಬರಹವಾಗಲಿ, ವಿನ್ಯಾಸವಾಗಲಿ, ಚಿಹ್ನೆಯಾಗಲಿ ಒಳಗಿನ ಪದಾರ್ಥಗಳ ವಿಷಯದಲ್ಲಿ ಮಹತ್ವದ ಅಂಶದಲ್ಲಿ ಸುಳ್ಳಾಗಿದ್ದರೆ ಅಥವಾ ದಾರಿ ತಪ್ಪಿಸುವಂತಿದ್ದರೆ ಆ ಆಹಾರವು ‘ಮಿಸ್‌ಬ್ರಾಂಡೆಡ್’ ಎನಿಸುತ್ತದೆ. ವಿನ್ಯಾಸ ಎಂಬ ಮಾತಿನಲ್ಲಿ ಚಿತ್ರವೂ ಅಡಕ. 52ನೇ ಕಲಮಿನಂತೆ ಇದಕ್ಕೆ 3 ಲಕ್ಷ ರೂಪಾಯಿಗಳವರೆಗೆ ದಂಡ. ಜೊತೆಗೆ ತಪ್ಪನ್ನು ಸರಿಪಡಿಸಲು ಅಥವಾ ಸರಕನ್ನು ನಾಶಪಡಿಸಲು ನಿರ್ದೇಶನ ಬರಬಹುದು. ಆಹಾರದ ಸ್ವರೂಪ, ಸತ್ವ, ಗುಣಮಟ್ಟಗಳ ಬಗ್ಗೆ ತಪ್ಪು ಭಾವನೆ ಮೂಡಿಸುವ ಜಾಹೀರಾತಿಗೆ 53ನೇ ಕಲಮಿನಂತೆ 10 ಲಕ್ಷ ರೂಪಾಯಿಗಳವರೆಗೆ.

‘ಹಿಂಬದಿಯಲ್ಲಿ ಪದಾರ್ಥಗಳ ಪಟ್ಟಿಯನ್ನು ಸರಿಯಾಗಿಯೇ ಕೊಟ್ಟಿದ್ದೇವಲ್ಲ’ ಎಂಬುದು ತಯಾರಕರಿಂದ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ. 53ನೇ ಕಲಮಿನ ಎರಡನೆಯ ಉಪಕಲಂ ಇದಕ್ಕೆ ಬಾಗಿಲು ಮುಚ್ಚಿದೆ: ಸಂಯೋಜನೆಯನ್ನು ನಿಖರವಾಗಿ ಮುದ್ರಿಸಿದ್ದರೂ ಉಲ್ಲಂಘನೆ ನಡೆದಿದೆಯೆಂದು ತೀರ್ಮಾನಿಸಲು ಅಡ್ಡಿಯಿಲ್ಲ. ಯೂರೋಪಿನ ನ್ಯಾಯಾಲಯವೂ 2015ರ ಜೂನ್ 4ರಂದು ಟೀಕಾನೆ ಎಂಬ ಜರ್ಮನ್ ಚಹಾ ಕಂಪನಿಯ ಪ್ರಕರಣದಲ್ಲಿ ಇದೇ ನಿಲುವು ತಳೆಯಿತು. ಡಬ್ಬಿಯ ಮೇಲೆ ರಾಸ್‌ಬೆರಿ ಹಣ್ಣು, ವೆನಿಲಾ ಹೂವುಗಳ ಚಿತ್ರ. ಒಳಗೆ ಎರಡೂ ಇರಲಿಲ್ಲ, ಪಟ್ಟಿಯಲ್ಲಿ ಮಾತ್ರ ಎಲ್ಲವೂ ಸತ್ಯ. ಪಟ್ಟಿ ಸರಿಯಾಗಿದ್ದರೂ ಒಟ್ಟು ನೋಟವು ಗ್ರಾಹಕನನ್ನು ದಾರಿ ತಪ್ಪಿಸಬಲ್ಲದು ಎಂದು ನ್ಯಾಯಾಲಯ ಹೇಳಿತು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ, ಪುನರಾವರ್ತಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದಾಗಿದೆ. 2022ರ ಜೂನ್‌ನಲ್ಲಿ ಹೊರಟ ಮಾರ್ಗಸೂಚಿಗಳು, ಸಣ್ಣಕ್ಷರದ ಷರಾ ದಾರಿ ತಪ್ಪಿಸುವ ಹೇಳಿಕೆಯನ್ನು ತಿದ್ದುವ ಸಾಧನವಾಗಕೂಡದೆಂದೂ, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರಾ ಅದೇ ಭಾಷೆಯಲ್ಲಿರಬೇಕೆಂದೂ ವಿಧಿಸಿವೆ. ಮುಂಬದಿಯಲ್ಲಿ ಕನ್ನಡದಲ್ಲಿ ಹೊಗಳಿಕೊಂಡು, ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಚಿತ್ರ ಸೂಚನೆಗಾಗಿ ಮಾತ್ರ’ ಎಂದು ಇರುವೆಗಾತ್ರದ ಅಕ್ಷರ ಹಾಕುವ ರೂಢಿ ಇದರಿಂದ ನಿಷ್ಪ್ರಯೋಜಕ.

ಬಿಸಿಬೇಳೆ ಬಾತಿನ ಲೆಕ್ಕ

ವಿಷಯವನ್ನು ಲೆಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಅಂಜನಾಪುರದಂಥ ಬಡಾವಣೆಯಲ್ಲಿ ಒಂದು ಕಿರು ಘಟಕವು ಬಿಸಿಬೇಳೆ ಬಾತ್ ಮಿಶ್ರಣ ತಯಾರಿಸುತ್ತಿದೆಯೆಂದು ಊಹಿಸೋಣ. ಪೊಟ್ಟಣದಲ್ಲಿ ಅಕ್ಕಿ, ಬೇಳೆ, ಮಸಾಲೆ ಪುಡಿ, ಒಣ ಕ್ಯಾರೆಟ್ ಇವೆ, ಗೋಡಂಬಿಯಿಲ್ಲ, ಬಟಾಣಿಯಿಲ್ಲ. ಚಿತ್ರದಲ್ಲಿ ಎರಡೂ ಇವೆ. ಇಲ್ಲಿನ ಅಂಕಿಗಳು ವಿವರಣೆಗಾಗಿ ಆರಿಸಿಕೊಂಡವು.

ಬಣ್ಣದ ಚೀಲಗಳನ್ನು ಗ್ರೇವ್ಯೂರ್ ವಿಧಾನದಲ್ಲಿ ಅಚ್ಚು ಹಾಕಿಸುವವರು ಪ್ರತಿ ಬಣ್ಣಕ್ಕೊಂದು ಸಿಲಿಂಡರ್ ಕೆತ್ತಿಸಬೇಕಾಗುತ್ತದೆ. ಆ ಖರ್ಚು ಗಿಟ್ಟಬೇಕಾದರೆ ದೊಡ್ಡ ಪ್ರಮಾಣದಲ್ಲಿ ಮುದ್ರಿಸದೆ ಗತಿಯಿಲ್ಲ. 1,00,000 ಚೀಲ, ತಲಾ 3 ರೂ.ಗಳಂತೆ 3,00,000 ರೂ.; ಶೇ. 18ರ ಜಿ.ಎಸ್.ಟಿ. 54,000 ರೂ. ಈ ತೆರಿಗೆಯ ಇನ್‌ಪುಟ್ ಕ್ರೆಡಿಟ್ಟನ್ನು ಘಟಕವು ಪಡೆದಿದೆ. 40,000 ಚೀಲಗಳು ಖರ್ಚಾದ ಮೇಲೆ ಚಿತ್ರದ ಬಗ್ಗೆ ಆಕ್ಷೇಪ ಬಂದು, ಉಳಿದವುಗಳನ್ನು ನಾಶಪಡಿಸಬೇಕಾಯಿತೆನ್ನಿ. ಉಳಿದ 60,000 ಚೀಲಗಳ ಬೆಲೆ 1,80,000 ರೂ. ನಷ್ಟಕ್ಕೆ. ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಇನ್‌ಪುಟ್ ಕ್ರೆಡಿಟ್ ಸಲ್ಲದೆಂದು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)ನೇ ಕಲಂ ಹೇಳುವುದರಿಂದ 32,400 ರೂ. ಹಿಂದಿರುಗಿಸಬೇಕು. ಹೊಸ ಚಿತ್ರಕ್ಕೆ ನಾಲ್ಕು ಸಿಲಿಂಡರ್, ತಲಾ 7,000ದಂತೆ 28,000 ರೂ. ಒಟ್ಟು 2,40,400 ರೂ. ದಂಡ ಇದರಲ್ಲಿ ಸೇರಿಲ್ಲ; ಅಂಗಡಿಗಳಿಂದ ವಾಪಸು ಬರುವ ಸರಕೂ ಸೇರಿಲ್ಲ.

ದಂಡಕ್ಕೆ ಇನ್ನೊಂದು ಕಹಿಯುಂಟು. ಜಾಹೀರಾತಿನ ಖರ್ಚು ಸಾಮಾನ್ಯವಾಗಿ ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯಲ್ಲಿ ಒಪ್ಪಿತವಾಗುತ್ತದೆ. ಕಾನೂನನ್ನು ಉಲ್ಲಂಘಿಸಿದ್ದಕ್ಕೆ ತೆತ್ತ ದಂಡ ಒಪ್ಪಿತವಾಗದು. ಅಂದರೆ ಅದನ್ನು ತೆರಿಗೆ ಕೊಟ್ಟು ಉಳಿದ ಲಾಭದಿಂದಲೇ ತೆರಬೇಕು. ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿಯೂ ಬಳಸಲಾಗದ ಚೀಲಗಳನ್ನು ಖರೀದಿ ಬೆಲೆಯಲ್ಲಿ ತೋರಿಸುವಂತಿಲ್ಲ, ರದ್ದಿಯ ಬೆಲೆಯಲ್ಲೇ ತೋರಿಸಬೇಕು. ಬ್ಯಾಂಕಿನಿಂದ ದುಡಿಯುವ ಬಂಡವಾಳದ ಸಾಲ ಪಡೆದಿರುವವರಿಗೆ ಸಾಲದ ಮಿತಿಯೂ ಅಷ್ಟರ ಮಟ್ಟಿಗೆ ಇಳಿಯುತ್ತದೆ.

ದೊಡ್ಡ ಕಂಪನಿಗಳಿಗೂ ಈ ತಾಪತ್ರಯ ತಪ್ಪಿದ್ದಲ್ಲ. 2024ರ ಜೂನ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು, ನೀರು ಬೆರೆಸಿ ಪುನಃ ತಯಾರಿಸಿದ ಹಣ್ಣಿನ ರಸಗಳ ಮೇಲೆ ‘ಶೇ. 100 ಹಣ್ಣಿನ ರಸ’ ಎಂಬ ಬರಹವನ್ನು ತೆಗೆಯುವಂತೆ ಆದೇಶಿಸಿದಾಗ, ಅದಾಗಲೇ ಮುದ್ರಿಸಿದ ಹೊದಿಕೆಗಳನ್ನು ಬಳಸಿ ಮುಗಿಸಲು ಗಡುವು ಕೊಡಬೇಕಾಯಿತು. ಅವರಿಗೆ ಗಡುವು ಸಿಕ್ಕಿತು. ಒಂಟಿಯಾಗಿ ನೋಟೀಸು ಪಡೆಯುವ ಕಿರು ಘಟಕಕ್ಕೆ ಅಂಥದೇ ಅವಕಾಶ ದೊರೆಯುವ ಖಾತರಿಯಿಲ್ಲ.

ಹಾಗಾದರೆ ಗೋಡಂಬಿಯನ್ನು ಏನು ಮಾಡುವುದು? ಮಾರ್ಗಗಳೆರಡೇ: ಚಿತ್ರದಿಂದ ತೆಗೆಯುವುದು, ಇಲ್ಲವೇ ಪೊಟ್ಟಣದಲ್ಲಿ ಹಾಕುವುದು. ಖಾರಾಬೂಂದಿಯ ವಿಷಯ ಬೇರೆ. ಬಾತಿನ ಪಕ್ಕದಲ್ಲಿ ಪ್ರತ್ಯೇಕ ಬಟ್ಟಲಿನಲ್ಲಿ ಬೂಂದಿಯಿಟ್ಟರೆ ಅದನ್ನು ಬಡಿಸುವ ಸಲಹೆಯೆಂದು ಯಾರಾದರೂ ಅರಿಯುತ್ತಾರೆ. ಕನ್ನಡದಲ್ಲಿ ಓದಲು ಬರುವ ಗಾತ್ರದಲ್ಲಿ ಹಾಗೆಂದು ಬರೆದರೆ ಇನ್ನೂ ಲೇಸು. ಬಾತಿನೊಳಗೇ ಬೆರೆತು ಕಾಣುವ ಗೋಡಂಬಿ ಪದಾರ್ಥವೆಂದೇ ಎಣಿಕೆಯಾಗುತ್ತದೆ.

ಚಿತ್ರೀಕರಣಕ್ಕೂ ಕಡತವಿರಲಿ

ಖರೀದಿಗೆ ಬಿಲ್ಲು, ಸಂಬಳಕ್ಕೆ ಸಹಿ ಇರುವಂತೆ ಚಿತ್ರಕ್ಕೂ ವೋಚರು ಬೇಕು. ಮಾರಾಟಕ್ಕೆ ಹೋಗುವ ಬ್ಯಾಚಿನಿಂದಲೇ ಪೊಟ್ಟಣಗಳನ್ನು ತೆಗೆದು, ಹಿಂಬದಿಯ ವಿಧಾನದಂತೆಯೇ ಬೇಯಿಸಿ ಚಿತ್ರ ತೆಗೆಸಬೇಕು. ಬ್ಯಾಚ್ ಸಂಖ್ಯೆ, ದಿನಾಂಕ, ಹೊರಗಿನಿಂದ ಸೇರಿಸಿದ್ದೇನಾದರೂ ಇದ್ದರೆ ಅದರ ವಿವರ, ತಿದ್ದುಪಡಿಗೆ ಮುಂಚಿನ ಮೂಲಚಿತ್ರಗಳು, ಛಾಯಾಗ್ರಾಹಕನ ಲಿಖಿತ ಹೇಳಿಕೆ ಇವನ್ನು ಒಂದು ಕಡತದಲ್ಲಿಡುವುದು ದೊಡ್ಡ ಶ್ರಮವೇನಲ್ಲ. ಬಾತ್ ಆರುವುದೆಂಬ ಚಿಂತೆಗೂ ಪರಿಹಾರವಿದೆ. ದೀಪಗಳನ್ನು ಮೊದಲು ಬೇರೊಂದು ತಟ್ಟೆಯಿಟ್ಟು ಹೊಂದಿಸಿಕೊಂಡು, ಎಲ್ಲ ಸಿದ್ಧವಾದ ಮೇಲೆ ಒಲೆಯಿಂದ ಇಳಿಸಿದ ಬಾತನ್ನು ತಂದಿಟ್ಟರಾಯಿತು. ನಾಲ್ಕು ಪೊಟ್ಟಣ ಹೆಚ್ಚು ಖರ್ಚಾದೀತು. ಮುದ್ರಣಾಲಯದ ಪ್ರೂಫಿಗೆ ಸಹಿ ಹಾಕುವಾಗ ಎಡಗೈಯಲ್ಲಿ ಪದಾರ್ಥಗಳ ಪಟ್ಟಿ ಹಿಡಿದು, ಚಿತ್ರದಲ್ಲಿ ಕಾಣುವ ಪ್ರತಿಯೊಂದನ್ನೂ ಅದರಲ್ಲಿ ಗುರುತು ಹಾಕಿ ನೋಡಬೇಕು. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಚಿತ್ರಗಳನ್ನು ಕೊಂಡು ಅಂಟಿಸುವ ಘಟಕಗಳಿಗೆ ಈ ಪರೀಕ್ಷೆ ಇನ್ನೂ ಅಗತ್ಯ. ಆ ಚಿತ್ರದ ಬಾತ್ ಯಾವ ಊರಿನದೋ, ಯಾರ ಕೈಯದೋ.

ಕೃತಕ ಬುದ್ಧಿಮತ್ತೆಯಿಂದ ಕ್ಷಣಾರ್ಧದಲ್ಲಿ ಪುಕ್ಕಟೆಯಾಗಿ ಆಹಾರದ ಚಿತ್ರ ಸೃಷ್ಟಿಸುವ ಅನುಕೂಲ ಬಂದಮೇಲೆ ಪ್ರಲೋಭನೆ ಹೆಚ್ಚಿದೆ. 2024ರ ಆಗಸ್ಟ್‌ನಲ್ಲಿ ಜೊಮ್ಯಾಟೊ ಸಂಸ್ಥೆಯು ಇಂಥ ಚಿತ್ರಗಳ ಬಗ್ಗೆ ಗ್ರಾಹಕರಿಂದ ದೂರುಗಳು ಬಂದಿವೆಯೆಂದು ಹೇಳಿ, ತನ್ನಲ್ಲಿನ ಹೋಟೆಲುಗಳ ತಿಂಡಿಪಟ್ಟಿಗಳಿಂದ ಅವುಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಯಂತ್ರವು ಬರೆದ ಬಾತಿಗೆ ಬ್ಯಾಚ್ ಸಂಖ್ಯೆಯಿಲ್ಲ, ಬೇಯಿಸಿದ ದಿನಾಂಕವಿಲ್ಲ, ಮೂಲಚಿತ್ರವೂ ಇಲ್ಲ. ಅಧಿಕಾರಿ ಬಂದು ಕಡತ ಕೇಳಿದಾಗ ತೆಗೆದು ತೋರಿಸಲು ತಯಾರಕನ ಬಳಿ ಒಂದು ಹಾಳೆಯೂ ಇರುವುದಿಲ್ಲ.